ಲಾಬಿ ಮಾಡೋಕೆ ಲಾ ಓದಬೇಕಾ?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಓದೋಕೆ ಅನುಕೂಲ ಆಗುವ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇವೆ.

ಹೋದ ತಿಂಗಳು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ನಿಂತು ಚಹಾ ಕುಡೀತಿದ್ದೆ. ಒಬ್ಬರು ಬಂದು ಪರಿಚಯ ಮಾಡಿಕೊಂಡರು. ಊರು ರಾಯಚೂರು, ಕೆಲಸ ಗಚ್ಚಿಬೌಲಿಯಲ್ಲಿ, ಹತ್ತು ವರ್ಷದ ಅನುಭವ, ವಯಸ್ಸು ಮೂವತ್ಮೂರು. ಮನೆ ಸಾಲ ಶುರುವಾಗಿ ಎರಡು ವರ್ಷ, ಮಗಳು ಈ ವರ್ಷ ಯುಕೆಜಿ. "ಸರ್, ಈ ಸ್ಪ್ರಿಂಟು, ಸ್ಟ್ಯಾಂಡಪ್ಪು ಸಾಕಾಗ್ಯಾವ. ಕಾನೂನು ತಯಾರಾಗೋ ಕಡೆ ಹೋಗಬೇಕಂತ ಮನಸ್ಸದ. ಕಂಪನಿಗಳ ಪರವಾಗಿ ಸರ್ಕಾರದ ಜೊತೆ ಮಾತಾಡೋ ಕೆಲಸ ಇರ್ತದಲ್ಲ, ಅಂಥಾದ್ದು. ಲಾಸೆಟ್ ಬರೀಲೇನು?" ಅಂದರು. ಸುಮ್ಮನೆ ಕೇಳಿದ್ದಲ್ಲ. ರಾಜೀನಾಮೆ ಮೇಲ್ ಟೈಪ್ ಮಾಡಿ ಡ್ರಾಫ್ಟ್ಸ್‌ನಲ್ಲಿ ಇಟ್ಟಿದ್ದರು. ಫೋನ್ ತೆಗೆದು ತೋರಿಸಿದರು.

ಅವತ್ತು ಚಹಾ ಮುಗಿಯೋದರೊಳಗೆ ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಮೂರು ವರ್ಷ, ಒಂದು ಸಂಬಳ, ಒಂದು ಮನೆ ಸಾಲದ ಪ್ರಶ್ನೆ ಅದು. ಅದಕ್ಕೇ ಇವತ್ತಿನ ಮಾತು.

ಮೊದಲು ಆ ಪದವನ್ನೇ ನೋಡೋಣ. ನಮ್ಮ ಪತ್ರಿಕೆಗಳಲ್ಲಿ 'ಲಾಬಿ' ಅಂದರೆ ಶಾಸಕರು ಮಂತ್ರಿಗಿರಿಗಾಗಿ ದೆಹಲಿ ವಿಮಾನ ಹತ್ತೋದು. ಇಲ್ಲಾಂದ್ರೆ ಮರಳು ಲಾಬಿ, ಮೆಡಿಕಲ್ ಲಾಬಿ. ಒಟ್ಟಿನಲ್ಲಿ ಬೈಗುಳ. ಅದಕ್ಕೇ ಈ ಕೆಲಸ ಮಾಡುವವರು ತಮ್ಮನ್ನ ಲಾಬಿಯಿಸ್ಟ್ ಅಂತ ಕರ್ಕೊಳ್ಳೋದಿಲ್ಲ. ಲಿಂಕ್ಡ್‌ಇನ್‌ನಲ್ಲಿ 'ಪಬ್ಲಿಕ್ ಪಾಲಿಸಿ', 'ಗವರ್ನಮೆಂಟ್ ಅಫೇರ್ಸ್', 'ರೆಗ್ಯುಲೇಟರಿ ಅಫೇರ್ಸ್' ಅಂತ ಹುಡುಕಿ, ಆಗ ಸಿಗ್ತಾರೆ. ಅಮೆರಿಕದಲ್ಲಿ 1995ರ ಲಾಬಿಯಿಂಗ್ ಡಿಸ್‌ಕ್ಲೋಷರ್ ಆಕ್ಟ್ ಇದೆ, ಹೆಸರು ನೋಂದಾಯಿಸಬೇಕು, ಖರ್ಚು ತೋರಿಸಬೇಕು. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. 2012ರಲ್ಲಿ ವಾಲ್‌ಮಾರ್ಟ್ ಅಮೆರಿಕದಲ್ಲಿ ಕೊಟ್ಟ ಲೆಕ್ಕದಲ್ಲಿ ಭಾರತದ ಮಾರುಕಟ್ಟೆಯ ವಿಷಯವೂ ಇದೆ ಅಂತ ಗೊತ್ತಾಗಿ ಸಂಸತ್ತಿನಲ್ಲಿ ಗದ್ದಲ ಆಯ್ತು. ಮರುವರ್ಷ ಒಡಿಶಾದ ಸಂಸದ ಕಾಳಿಕೇಶ್ ನಾರಾಯಣ ಸಿಂಗ್ ದೇವ್ ಲಾಬಿ ಚಟುವಟಿಕೆ ಬಹಿರಂಗಪಡಿಸಬೇಕು ಅನ್ನುವ ಖಾಸಗಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ಇದರಿಂದ ನಮ್ಮ ರಾಯಚೂರಿನ ಗೆಳೆಯರಿಗೆ ಏನು? ಲೈಸೆನ್ಸ್ ಇಲ್ಲದ ಕೆಲಸಕ್ಕೆ ಡಿಗ್ರಿಯ ಗೇಟೂ ಇಲ್ಲ. ವಕೀಲರಾಗೋಕೆ ಎಲ್‌ಎಲ್‌ಬಿ ಬೇಕು, ಅದು 1961ರ ಅಡ್ವೊಕೇಟ್ಸ್ ಆಕ್ಟ್ ಹೇಳುತ್ತೆ. ಸರ್ಕಾರದ ಮುಂದೆ ಒಂದು ಉದ್ಯಮದ ಮಾತು ಮಂಡಿಸೋಕೆ ಏನು ಬೇಕು ಅಂತ ಯಾವ ಕಾನೂನೂ ಹೇಳೋದಿಲ್ಲ. ಒಂದೇ ಗೆರೆ ಇದೆ, ಅದು ಲಂಚದ್ದು. 2018ರ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವರೂ, ಕೊಡಿಸಿದ ಕಂಪನಿಯೂ ನೇರವಾಗಿ ಅಪರಾಧಿಗಳೇ.

ಈಗ ನಮಗೆಲ್ಲ ನೆನಪಿರುವ ಒಂದು ವಾರಕ್ಕೆ ಹೋಗೋಣ. 2024ರ ಜುಲೈ 15, ಸೋಮವಾರ. ಕರ್ನಾಟಕ ಸಚಿವ ಸಂಪುಟ ಸ್ಥಳೀಯ ಅಭ್ಯರ್ಥಿಗಳ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಹೈದರಾಬಾದಿನಲ್ಲಿ ಕೂತ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅವತ್ತು ಎರಡು ಥರದ ಜನ. ಒಬ್ಬರು 'ಕೊನೆಗೂ ಬೆಂಗಳೂರಿಗೆ ವಾಪಸ್ ಹೋಗಬಹುದು' ಅಂದರು. ಇನ್ನೊಬ್ಬರು 'ಇದನ್ನೇ ತೆಲಂಗಾಣ ಮಾಡಿದರೆ ನಮ್ಮ ಗತಿ ಏನಪ್ಪಾ' ಅಂದರು. ಎರಡೂ ನಿಜವೇ. 17ನೇ ತಾರೀಖು ನಾಸ್ಕಾಮ್ ಒಂದು ಹೇಳಿಕೆ ಹೊರಡಿಸಿತು. ಕಂಪನಿಗಳು ಬೇರೆ ಕಡೆ ಹೋಗಬೇಕಾದೀತು, ಮಸೂದೆ ಹಿಂಪಡೆಯಿರಿ ಅಂತ. ಕಿರಣ್ ಮಜುಂದಾರ್ ಶಾ, ಮೋಹನದಾಸ್ ಪೈ ಬಹಿರಂಗವಾಗಿ ಬರೆದರು. ಆಂಧ್ರದ ಸಚಿವ ನಾರಾ ಲೋಕೇಶ್ 'ವಿಶಾಖಪಟ್ಟಣಕ್ಕೆ ಬನ್ನಿ' ಅಂತ ಕಂಪನಿಗಳನ್ನ ಕರೆದೇಬಿಟ್ಟರು. ತಮಾಷೆ ಅಂದ್ರೆ, ಅವರ ರಾಜ್ಯವೇ 2019ರಲ್ಲಿ ಶೇ 75 ಸ್ಥಳೀಯರಿಗೆ ಅನ್ನುವ ಕಾಯ್ದೆ ಮಾಡಿತ್ತು, ಬೇರೆ ಸರ್ಕಾರ ಇದ್ದಾಗ. ಅದೇ 17ರ ಸಂಜೆ ಕರ್ನಾಟಕದ ಮಸೂದೆಗೆ ತಡೆ ಬಿತ್ತು. ಎರಡು ದಿನ, ಅಷ್ಟೇ.

ಇದರ ಪಕ್ಕದಲ್ಲಿ ಹರಿಯಾಣವನ್ನಿಡಿ. ಅಲ್ಲೂ ಇಂಥದ್ದೇ ಕಾಯ್ದೆ, ಖಾಸಗಿ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ. 2022ರ ಜನವರಿಯಲ್ಲಿ ಜಾರಿಗೆ ಬಂತು. ಉದ್ಯಮ ಸಂಘಗಳು ಹೈಕೋರ್ಟಿಗೆ ಹೋದವು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನ ರದ್ದು ಮಾಡಿದ್ದು 2023ರ ನವೆಂಬರ್‌ನಲ್ಲಿ. ಹತ್ತಿರ ಹತ್ತಿರ ಎರಡು ವರ್ಷ ವಾದ, ಸಂವಿಧಾನದ ವಿಧಿಗಳು, ಮೂಲಭೂತ ಹಕ್ಕುಗಳು.

ಒಂದೇ ಥರದ ಸಮಸ್ಯೆ. ಒಂದು ಕಡೆ ವಕೀಲರ ದಾರಿ, ಇನ್ನೊಂದು ಕಡೆ ಲಾಬಿಯ ದಾರಿ. ಬೆಂಗಳೂರಿನಲ್ಲಿ ಮಸೂದೆ ಸದನಕ್ಕೆ ಬರುವ ಮೊದಲೇ ನಿಂತಿದ್ದು ಯಾರೋ ಸಂವಿಧಾನದ ವಾದ ಹೂಡಿದ್ದಕ್ಕಲ್ಲ. ಎಷ್ಟು ಕೆಲಸ, ಎಷ್ಟು ತೆರಿಗೆ, ಯಾವ ಊರಿಗೆ ಹೋಗುತ್ತೆ ಅನ್ನುವ ಲೆಕ್ಕ ಮಂತ್ರಿಗಳ ಕಿವಿಗೆ ಸರಿಯಾದ ಹೊತ್ತಿಗೆ ಬಿದ್ದಿದ್ದಕ್ಕೆ. ಅದು ಒಳ್ಳೆಯದಾಯ್ತಾ ಕೆಟ್ಟದಾಯ್ತಾ ಅನ್ನೋದು ಬೇರೆ ಚರ್ಚೆ, ನಮ್ಮ ಮನೆಯಲ್ಲೇ ಅದರ ಬಗ್ಗೆ ಒಮ್ಮತ ಇಲ್ಲ. ನಾನು ಹೇಳ್ತಿರೋದು ಕೆಲಸದ ಸ್ವರೂಪ. ಅಂದಹಾಗೆ ಪೈ ಅವರ ಹತ್ತಿರ ಬೆಂಗಳೂರು ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಇದೆ. ಆದರೆ ಅವರ ಮಾತಿಗೆ ತೂಕ ಬಂದಿದ್ದು ಇನ್ಫೋಸಿಸ್‌ನ ಸಿಎಫ್‌ಓ ಆಗಿದ್ದರು ಅನ್ನೋದರಿಂದ.

ನಾಸ್ಕಾಮ್ ಶುರುವಾಗಿದ್ದು 1988ರಲ್ಲಿ. ಅದಕ್ಕೆ ದೆಹಲಿಯಲ್ಲಿ ಹೆಸರು ತಂದವರು ದೇವಂಗ್ ಮೆಹ್ತಾ, ಓದಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. 1990ರ ದಶಕದಲ್ಲಿ ಸಾಫ್ಟ್‌ವೇರ್ ರಫ್ತಿನ ತೆರಿಗೆ ವಿನಾಯಿತಿ ಉಳಿಸೋಕೆ ಮಂತ್ರಾಲಯದಿಂದ ಮಂತ್ರಾಲಯಕ್ಕೆ ಅಲೆದವರು ಅವರೇ. 2001ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಕಿರಣ್ ಕಾರ್ಣಿಕ್ ಇಸ್ರೋದಲ್ಲಿದ್ದವರು, ಭೌತಶಾಸ್ತ್ರ ಮತ್ತು ಐಐಎಂ. ನಾವು ನೀವು ಇವತ್ತು ತಿನ್ನುತ್ತಿರುವ ಅನ್ನದ ಹಿಂದೆ ಇರುವ ಲಾಬಿಯನ್ನ ಕಟ್ಟಿದವರು ಲಾ ಕಾಲೇಜಿನಿಂದ ಬಂದವರಲ್ಲ. ಇನ್ನೂ ಹಿಂದೆ ಹೋದರೆ, 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಶುರು ಮಾಡಿಸಿದ ವಿಶ್ವೇಶ್ವರಯ್ಯನವರೂ ಎಂಜಿನಿಯರೇ.

ಹಾಗಾದರೆ ಲಾ ಓದಿದವರಿಗೆ ಇಲ್ಲಿ ಜಾಗವೇ ಇಲ್ಲವಾ? ಇದೆ. ಅದಕ್ಕೆ ಇನ್ನೊಂದು ಕಥೆ ಹೇಳ್ತೀನಿ, ಇದು ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದವರ ಸ್ವಂತ ಕಥೆ.

1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳ ರಾಜಧಾನಿ ಹೈದರಾಬಾದೇ. ರಾಜ್ಯ ಒಡೆದಾಗ ನಾವು ಆ ಕಡೆ ಹೋದೆವು. 1973ರಲ್ಲಿ ಸಂವಿಧಾನದ 32ನೇ ತಿದ್ದುಪಡಿ ಆಗಿ ಆಂಧ್ರಕ್ಕೆ 371ಡಿ ವಿಧಿ ಬಂತು, ಅದರಿಂದ ತೆಲಂಗಾಣದ ಭಾಗಕ್ಕೆ ಓದಿನಲ್ಲಿ, ಸರ್ಕಾರಿ ಕೆಲಸದಲ್ಲಿ ಸ್ಥಳೀಯ ಆದ್ಯತೆ ಸಿಕ್ಕಿತು. ಅದೇ ನಿಜಾಮನ ರಾಜ್ಯದ ಇನ್ನೊಂದು ತುಂಡಾದ ನಮಗೆ ಏನೂ ಇಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಟ ಮಾಡಿದರು, ಬಂದ್, ಮನವಿ, ನಿಯೋಗ. ಒಮ್ಮೆ ಕೇಂದ್ರ ಆಗೋದಿಲ್ಲ ಅಂತ ಹೇಳಿಯೂ ಆಯ್ತು. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿ 371ಜೆ ಬಂತು, 98ನೇ ತಿದ್ದುಪಡಿ. ಮುಂದೆ ನಿಂತವರಲ್ಲಿ ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯಲ್ಲೇ ಲಾ ಓದಿದವರು. ಧರ್ಮಸಿಂಗ್ ಇಲ್ಲೇ ನಮ್ಮ ಉಸ್ಮಾನಿಯಾದ ಎಲ್‌ಎಲ್‌ಬಿ.

ಈ ಕಥೆಯೊಳಗೆ ಬೇರೆ ಬೇರೆ ಕೆಲಸಗಳು ಅಡಗಿವೆ ನೋಡಿ. ಬೀದಿಯಲ್ಲಿ, ದೆಹಲಿಯಲ್ಲಿ ಒತ್ತಡ ಹಾಕೋದು ಒಂದು. 'ಈ ಜಿಲ್ಲೆಗಳು ಎಷ್ಟು ಹಿಂದಿವೆ' ಅಂತ ಅಂಕಿಅಂಶ ಇಟ್ಟು ತೋರಿಸೋದು ಇನ್ನೊಂದು. 371ಡಿ ಇದೆಯಲ್ಲ, ಅದನ್ನೇ ಮಾದರಿ ಮಾಡ್ಕೊಂಡು ಕೇಳಬಹುದು ಅಂತ ಹೊಳೆಯೋದು ಮತ್ತೊಂದು. ಆಮೇಲೆ ಆ ವಿಧಿಯ ಒಂದೊಂದು ವಾಕ್ಯವನ್ನ ಬರೆಯೋದು. ಮೊದಲ ಎರಡಕ್ಕೆ ಎಲ್‌ಎಲ್‌ಬಿ ಬೇಕಿಲ್ಲ. ಮೂರನೆಯದಕ್ಕೆ ಡಿಗ್ರಿ ಬೇಡ, ಆದರೆ ಕಾನೂನು ಓದುವ ಕಣ್ಣು ಬೇಕು. ಕೊನೆಯದಕ್ಕೆ ಮಾತ್ರ ಬಾಗಿಲಲ್ಲೇ ಡಿಗ್ರಿ ಕೇಳ್ತಾರೆ. ದೆಹಲಿಯಲ್ಲಿ ಕಾನೂನು ಮಂತ್ರಾಲಯದ ಶಾಸನ ಇಲಾಖೆ, ಅಲ್ಲಿನ ಇಂಡಿಯನ್ ಲೀಗಲ್ ಸರ್ವಿಸ್, ಅಲ್ಲಿ ಕಾನೂನು ಪದವಿಯ ಜೊತೆ ಅನುಭವವೂ ಕಡ್ಡಾಯ. ಮಸೂದೆಯ ಭಾಷೆಯನ್ನ ಕೈಯಾರೆ ಬರೆಯಬೇಕು ಅನ್ನೋದೇ ನಿಮ್ಮ ಆಸೆಯಾದರೆ ಲಾ ಓದಿ, ಎರಡನೇ ಮಾತಿಲ್ಲ.

ನಮ್ಮ ಗೆಳೆಯರಿಗೆ ಅದಲ್ಲ ಬೇಕಾಗಿದ್ದು. ಅವರಿಗೆ ಮೊದಲ ಎರಡು ಬೇಕು. ಅದಕ್ಕೇ ಮೂರು ವರ್ಷದ ಬೆಲೆ ಏನು ಅಂತ ನೆಲದ ಮೇಲೆ ನಿಂತು ನೋಡಬೇಕು.

ಹೈದರಾಬಾದ್ ಅಂದರೆ ಎಲ್ಲರೂ ಶಾಮೀರ್‌ಪೇಟೆಯ ನಲ್ಸಾರ್ ಅಂತಾರೆ. ಅಲ್ಲಿನ ಬಿಎ ಎಲ್‌ಎಲ್‌ಬಿ ಪಿಯುಸಿ ಮುಗಿಸಿದವರಿಗೆ, ಕ್ಲಾಟ್ ಬರೆದು ಐದು ವರ್ಷ. ನಮ್ಮಂಥ ಬಿಇ ಆದವರಿಗೆ ಇರೋದು ಮೂರು ವರ್ಷದ ಎಲ್‌ಎಲ್‌ಬಿ. ಟಿಜಿ ಲಾಸೆಟ್ ಬರೆಯಬೇಕು, ಸಾಮಾನ್ಯ ವರ್ಗಕ್ಕೆ ಡಿಗ್ರಿಯಲ್ಲಿ ಶೇ 45 ಇರಬೇಕು. ಸೀಟು ಹಂಚುವಾಗ ಶೇ 85 ಸ್ಥಳೀಯರಿಗೆ. ಅದೇ 371ಡಿ! ಗಚ್ಚಿಬೌಲಿಯಲ್ಲಿ ತೆರಿಗೆ ಕಟ್ಟಿದರೂ ಲಾ ಕಾಲೇಜಿನ ಪಟ್ಟಿಯಲ್ಲಿ ನಾವು ನಾನ್-ಲೋಕಲ್. ಉಳಿದ ಶೇ 15ರಲ್ಲಿ ಯಾರು ಬರ್ತಾರೆ ಅನ್ನೋದನ್ನ ಅರ್ಜಿ ಹಾಕುವ ಮೊದಲು ಆ ವರ್ಷದ ಅಧಿಸೂಚನೆಯಲ್ಲೇ ಓದಿಕೊಳ್ಳಿ, ಪಕ್ಕದ ಕ್ಯೂಬಿಕಲ್‌ನವರ ಮಾತು ನಂಬಬೇಡಿ. ರಾಯಚೂರಿನವರಿಗೆ 371ಜೆ ಮೀಸಲಾತಿ ಸಿಗೋದು ಗಡಿಯ ಆ ಕಡೆ, ಕಲಬುರಗಿಯಲ್ಲಿ. ಆದರೆ ಕೆಲಸ ಇರೋದು ಈ ಕಡೆ.

ಕೆಲಸ ಮಾಡ್ತಾ ಓದಬಹುದಾ ಅನ್ನೋದು ಎಲ್ಲರ ಮುಂದಿನ ಪ್ರಶ್ನೆ. ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಶೇ 70 ಹಾಜರಾತಿ ಇದೆ. ಅಂಚೆ ಮೂಲಕ, ಆನ್‌ಲೈನ್‌ನಲ್ಲಿ ಮಾಡಿದ ಎಲ್‌ಎಲ್‌ಬಿಗೆ ಸನ್ನದು ಸಿಗೋದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತೋಲೆ ಬಂತು. ವಿದ್ಯಾರ್ಥಿ ಎಲ್ಲಾದರೂ ಕೆಲಸದಲ್ಲಿದ್ದರೆ ಘೋಷಿಸಬೇಕು, ನಿರಾಕ್ಷೇಪಣಾ ಪತ್ರ ಕೊಡಬೇಕು, ಕಾಲೇಜುಗಳು ಬಯೋಮೆಟ್ರಿಕ್ ಹಾಕಬೇಕು ಅಂತ.

ಇಲ್ಲಿ ನನ್ನದೇ ಒಂದು ಮುಚ್ಚಿಟ್ಟ ವಿಷಯ ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ನಾನೂ ಲಾಸೆಟ್ ಬರೆದು ಊರ ಹೊರಗಿನ ಒಂದು ಖಾಸಗಿ ಕಾಲೇಜು ಸೇರಿದ್ದೆ. ಹೆಸರು ಬೇಡ. 'ಸಾಫ್ಟ್‌ವೇರ್‌ನವರಾ, ಅಟೆಂಡೆನ್ಸ್ ನಾವು ನೋಡ್ಕೋತೀವಿ' ಅಂದರು. ನೋಡ್ಕೊಂಡರು, ಅದಕ್ಕೆ ಬೇರೆ ರೇಟು ಇಟ್ಟು. ಮೊದಲ ಸೆಮಿಸ್ಟರ್‌ನಲ್ಲಿ ನಾನು ಕ್ಲಾಸಿಗೆ ಹೋಗಿದ್ದು ಹನ್ನೊಂದು ದಿನ. ಕಾಂಟ್ರಾಕ್ಟ್ ಆಕ್ಟ್ ಪರೀಕ್ಷೆಗೆ ಹಿಂದಿನ ರಾತ್ರಿ ಗೈಡ್ ಓದಿದೆ. ಪಾಸೂ ಆದೆ. ಮನೆಗೆ ಬಂದು ಮಾರ್ಕ್ಸ್ ತೋರಿಸಿದಾಗ ಹೆಂಡತಿ ಕೇಳಿದಳು, "ಮಂತ್ರಿ ಮುಂದೆ ಕೂತ್ಕೊಂಡು ಏನು ಹೇಳ್ತೀರಿ ಈಗ?" ಉತ್ತರ ಇರಲಿಲ್ಲ. ಒಂದು ವರ್ಷದ ಫೀಸು ಕಳೆದುಕೊಂಡು ಬಿಟ್ಟೆ. ಅಪ್ಪನಿಗೆ ಮಾತ್ರ ಎರಡು ವರ್ಷ ಹೇಳಿರಲಿಲ್ಲ. ಅವರು ಊರಲ್ಲಿ ಎಲ್ಲರಿಗೂ 'ಮಗ ವಕೀಲ ಆಗ್ತಿದ್ದಾನೆ' ಅಂತ ಹೇಳಿಯಾಗಿತ್ತು.

ಆ ಥರ ಓದಿದ ಡಿಗ್ರಿ ಲಾಬಿಗೂ ಉಪಯೋಗ ಇಲ್ಲ, ಕೋರ್ಟಿಗೂ ಇಲ್ಲ. ಓದುವುದಾದರೆ ಪೂರ್ತಿ ಕೂತು ಓದಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿದೆ, ಅದು ಪೂರ್ಣಾವಧಿ. ಅಂದರೆ ಮೂರು ವರ್ಷ ಸಂಬಳ ಇಲ್ಲ. ಅಲ್ಲಿಂದ ಹೊರಬಂದವರಿಗೆ ಸಿಗುವ ಸಹಪಾಠಿಗಳು, ಪರಿಚಯಗಳು ನಿಜಕ್ಕೂ ಬೆಲೆಬಾಳುತ್ತವೆ, ಅದನ್ನ ಅಲ್ಲಗಳೆಯೋದಿಲ್ಲ. ಇಪ್ಪತ್ನಾಲ್ಕು ವರ್ಷದವರು ಕೇಳಿದರೆ 'ಹೋಗು' ಅಂತೀನಿ. ಸಾಲ, ಮಗು ಇರುವವರಿಗೆ ಹಾಗೆ ಹೇಳೋಕೆ ನಾಲಿಗೆ ಬರಲ್ಲ.

ಇನ್ನೂ ಒಂದು ತಪ್ಪು ತಿಳಿವಳಿಕೆ. 'ಎಲ್‌ಎಲ್‌ಬಿ ಮಾಡಿ, ಬಾರ್ ಪರೀಕ್ಷೆ ಬರೆದು, ಅಡ್ವೊಕೇಟ್ ಅಂತ ಬೋರ್ಡ್ ಹಾಕ್ಕೊಂಡು ಕಂಪನಿಯ ಪಾಲಿಸಿ ಟೀಮ್ ಸೇರ್ತೀನಿ.' ಆಗಲ್ಲ. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವ ಹಾಗಿಲ್ಲ ಅಂತ ಬಾರ್ ಕೌನ್ಸಿಲ್‌ನ 49ನೇ ನಿಯಮ ಇದೆ. ಸನ್ನದನ್ನ ಅಮಾನತಿನಲ್ಲಿಡಬೇಕು.

ಹಾಗಾದರೆ ಕಾನೂನು ಓದುವ ಆ ಕಣ್ಣು ಎಲ್ಲಿಂದ ಬರುತ್ತೆ? ನಿಮಗೆ ಅರ್ಧ ಈಗಾಗಲೇ ಇದೆ, ಉತ್ಪ್ರೇಕ್ಷೆ ಅಲ್ಲ. ಯಾವುದಾದರೂ ಕಾಯ್ದೆ ತೆಗೆದು ನೋಡಿ. ಶುರುವಿನಲ್ಲಿ ವ್ಯಾಖ್ಯೆಗಳು, ಅದು ವೇರಿಯಬಲ್ ಡಿಕ್ಲರೇಷನ್. 'ಪರಂತು' ಅಂತ ಬಂದರೆ ಅದು ಇಫ್-ಎಲ್ಸ್. 'ಏನೇ ಒಳಗೊಂಡಿದ್ದರೂ' ಅಂತ ಇದ್ದರೆ ಓವರ್‌ರೈಡ್. ಇನ್ನು 'ನಿಯಮಿಸಬಹುದಾದಂತೆ' ಅನ್ನುವ ಪದ ಕಂಡಲ್ಲೆಲ್ಲ ನಿಲ್ಲಿ. ಅದು ಖಾಲಿ ಫಂಕ್ಷನ್. ಒಳಗಿನ ಕೋಡ್ ಆಮೇಲೆ ಬರೀತಾರೆ. ಲಾಬಿ ನಡೆಯೋದು ಬಹುಪಾಲು ಅಲ್ಲಿ.

ಡಿಪಿಡಿಪಿ ಕಾಯ್ದೆ ನಮಗೆಲ್ಲ ಗೊತ್ತು, ಕಾಂಪ್ಲಯನ್ಸ್ ಟ್ರೈನಿಂಗ್ ಅಂತ ತಲೆ ತಿಂದಿದ್ದಾರೆ. ಕಾಯ್ದೆ ಆಗಿದ್ದು 2023ರ ಆಗಸ್ಟ್‌ನಲ್ಲಿ. ಕರಡು ನಿಯಮಗಳು ಬಂದಿದ್ದು 2025ರ ಜನವರಿಯಲ್ಲಿ, ಅಂತಿಮ ನಿಯಮಗಳು ಅದೇ ವರ್ಷದ ನವೆಂಬರ್‌ನಲ್ಲಿ. ಆ ಮಧ್ಯದ ಎರಡು ವರ್ಷ ಚಿಲ್ಲರೆ ಕಾಲ ಅಲ್ಲ. ಹದಿನೆಂಟು ವರ್ಷದ ಕೆಳಗಿನವರ ಡೇಟಾಗೆ ತಂದೆ ತಾಯಿಯ ಒಪ್ಪಿಗೆ ಪರಿಶೀಲಿಸೋದು ಹೇಗೆ, ಡೇಟಾ ಸೋರಿದರೆ ಎಷ್ಟು ಗಂಟೆಯೊಳಗೆ ಮಂಡಳಿಗೆ ವಿವರ ಕೊಡಬೇಕು, ಇಂಥವೆಲ್ಲ ನಿಯಮದ ಪಾಲಿಗೆ ಬಿಟ್ಟಿದ್ದು. 'ಈ ಥರ ಬರೆದರೆ ಸಿಸ್ಟಮ್‌ನಲ್ಲಿ ಇಂಥ ಕಡೆ ಒಡೆಯುತ್ತೆ' ಅಂತ ಹೇಳಬಲ್ಲವರು ವಕೀಲರಲ್ಲ. ಆನ್-ಕಾಲ್ ಡ್ಯೂಟಿಯಲ್ಲಿ ರಾತ್ರಿ ಎರಡಕ್ಕೆ ಎದ್ದು ಲಾಗ್ ಹುಡುಕಿದವರು.

ಕೆಲಸದ ಅವಧಿ ನೋಡಿ. 2024ರಲ್ಲಿ ಕರ್ನಾಟಕದಲ್ಲಿ 14 ಗಂಟೆಯ ಪ್ರಸ್ತಾಪ ಬಂದಾಗ ಅದಕ್ಕೆ ಕಾಯ್ದೆಯ ತಿದ್ದುಪಡಿಯೇ ಬೇಕಿತ್ತು, ಐಟಿ ನೌಕರರ ಸಂಘ ಬೀದಿಗಿಳಿಯಿತು. ತೆಲಂಗಾಣ 2025ರ ಜುಲೈನಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 48 ಮೀರದಂತೆ ಅಂತ ಒಂದು ಜಿ.ಓ.ನಲ್ಲೇ ಮಾಡಿ ಮುಗಿಸಿತು. ಬಹಳ ಜನಕ್ಕೆ ಆದದ್ದೇ ಗೊತ್ತಾಗಲಿಲ್ಲ. ಯಾವ ಬದಲಾವಣೆಗೆ ಯಾವ ಕಾಗದ ಸಾಕು ಅಂತ ತಿಳಿಯೋದು ಈ ವೃತ್ತಿಯ ಅರ್ಧ ವಿದ್ಯೆ. ಅದಕ್ಕೆ ಮೂರು ವರ್ಷ ಬೇಡ.

ಹತ್ತಿರದ ದಾರಿಗಳು ಕೆಲವಿವೆ. ನಲ್ಸಾರ್‌ನಲ್ಲಿ ದೂರಶಿಕ್ಷಣದ ಪಿಜಿ ಡಿಪ್ಲೊಮಾಗಳು ಸಿಗುತ್ತವೆ, ಸೈಬರ್ ಕಾನೂನು ಅದರಲ್ಲೊಂದು. ವಕೀಲಿಗೆ ಅಲ್ಲ, ತಿಳಿವಳಿಕೆಗೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಪಬ್ಲಿಕ್ ಪಾಲಿಸಿ ಕೋರ್ಸನ್ನ ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಮಾಡಬಹುದು. ಅದರ ಸಹಸಂಸ್ಥಾಪಕ ನಿತಿನ್ ಪೈ ಕೂಡ ಎಂಜಿನಿಯರಿಂಗ್ ಓದಿ ಸಿಂಗಾಪುರದ ಟೆಲಿಕಾಂ ನೀತಿಯ ಕೆಲಸ ಮಾಡಿದವರು. ಪೂರ್ತಿ ಬಿಟ್ಟು ಓದೋದಾದರೆ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 2014ರಿಂದ ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ ಇದೆ. ಇಲ್ಲೇ ರುದ್ರಾರಂನ ಗೀತಂ ಕ್ಯಾಂಪಸ್‌ನಲ್ಲಿ ಕೌಟಿಲ್ಯ ಸ್ಕೂಲ್ ಇದೆ. ಎರಡೂ ಎರಡು ವರ್ಷ. ಸಂಸದರ ಜೊತೆ ಕೆಲಸ ಮಾಡುವ ಪಿಆರ್‌ಎಸ್‌ನ ಲ್ಯಾಂಪ್ ಫೆಲೋಶಿಪ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತೆ, ಆದರೆ ವಯಸ್ಸು 25ರೊಳಗೆ. ನಮಗೆ ಆ ಬಸ್ಸು ಹೋಯ್ತು, ತಮ್ಮ ತಂಗಿಯರಿಗೆ ಹೇಳಿ. ಎಲ್ಲಕ್ಕಿಂತ ಹತ್ತಿರದ್ದು ನಿಮ್ಮದೇ ಕಂಪನಿ. ದೊಡ್ಡ ಕಂಪನಿಗಳಲ್ಲಿ ಪಾಲಿಸಿ ಟೀಮ್ ಇರುತ್ತೆ, ಅವರಿಗೆ ತಾಂತ್ರಿಕ ಸಹಾಯ ಯಾವಾಗಲೂ ಬೇಕು. ನಾಸ್ಕಾಮ್, ಇಲ್ಲಿನ ಹೈಸಿಯಾ ಕೂಡ ಸದಸ್ಯ ಕಂಪನಿಗಳ ಜನರಿಂದಲೇ ಅಭಿಪ್ರಾಯ ಸೇರಿಸೋದು.

ಭಾಷೆಯನ್ನ ಮರೀಬೇಡಿ. ಕಡತ, ಟಿಪ್ಪಣಿ, ಸದನದ ಚರ್ಚೆ ವಿಧಾನಸೌಧದಲ್ಲಿ ಕನ್ನಡದಲ್ಲಿ ನಡೆಯುತ್ತೆ. ತಂತ್ರಜ್ಞಾನ ಗೊತ್ತಿದ್ದು, ಅದನ್ನ ಕನ್ನಡದಲ್ಲಿ ಎರಡು ಪುಟ ಬರೆಯಬಲ್ಲವರು ನನಗೆ ಕಂಡಂತೆ ಬಹಳ ಕಮ್ಮಿ. ಹತ್ತು ವರ್ಷ ಇಲ್ಲಿದ್ದು ತೆಲುಗೂ ಬಂದಿದ್ದರೆ ಎರಡು ರಾಜಧಾನಿಯಲ್ಲಿ ಮಾತಾಡಬಹುದು. ಸಂಬಳ ಮಾತ್ರ ಶುರುವಿನಲ್ಲಿ ಇಳಿಯುತ್ತೆ. ಥಿಂಕ್ ಟ್ಯಾಂಕ್ ಆದರೆ ಹತ್ತು ವರ್ಷದ ಐಟಿ ಸಂಬಳದ ಅರ್ಧ ಸಿಕ್ಕರೆ ಪುಣ್ಯ, ನಾನು ನೋಡಿದ ಮಟ್ಟಿಗೆ. ಅದನ್ನ ಮನೆಯವರ ಜೊತೆ ಕೂತು ಇಎಂಐ ಪಕ್ಕದಲ್ಲಿಟ್ಟು ನೋಡಿ.

ರಾಯಚೂರಿನವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ, ಒಂದು ಕೆಲಸವನ್ನೂ ಕೊಟ್ಟೆ. ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನು 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂತಲ್ಲ. ಪಾವತಿಯ ಮೇಲೆ ಶೇ 1ರಿಂದ 5 ಕಲ್ಯಾಣ ಶುಲ್ಕ ಅಂತ ಎಲ್ಲರೂ ಓದಿದ್ದಾರೆ. ಅದರಲ್ಲಿ ಕಂಪನಿಯ ಆಲ್ಗಾರಿದಮ್ ಡೆಲಿವರಿ ಹುಡುಗರಿಗೆ ಕೆಲಸ ಹಂಚುವ, ರೇಟಿಂಗ್ ಕೊಡುವ ಬಗೆಯನ್ನ ಅವರಿಗೆ ತಿಳಿಸಬೇಕು ಅಂತಲೂ ಇದೆ. ತೆಲಂಗಾಣವೂ 2025ರ ಏಪ್ರಿಲ್‌ನಲ್ಲಿ ಇಂಥದ್ದೇ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಎರಡನ್ನೂ ಪಕ್ಕದಲ್ಲಿಟ್ಟು, ಆ ಆಲ್ಗಾರಿದಮ್ ಭಾಗದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೀರಿ, ರಾಜೀನಾಮೆ ಆಮೇಲೆ ನೋಡೋಣ ಅಂದೆ. ಕೇಂದ್ರ ಸರ್ಕಾರದ್ದೇ 2014ರ ನೀತಿ ಇದೆ, ಕರಡು ಕಾನೂನನ್ನ ಕಮ್ಮಿ ಅಂದ್ರೆ 30 ದಿನ ಜನರ ಮುಂದಿಡಬೇಕು ಅಂತ. ಎಲ್ಲ ಸಲ ಪಾಲಿಸೋದಿಲ್ಲ, ಆದರೆ ಇಟ್ಟಾಗ ಯಾರು ಬೇಕಾದರೂ ಬರೆದು ಕಳಿಸಬಹುದು, ಡಿಗ್ರಿ ಕೇಳೋದಿಲ್ಲ.

ಮೂರು ವಾರ ಸುದ್ದಿ ಇರಲಿಲ್ಲ. ಮೊನ್ನೆ ಭಾನುವಾರ ಮೇಲ್ ಬಂತು. ಎರಡು ಪುಟ ಅಂದಿದ್ದೆ, ಒಂಬತ್ತು ಪುಟ ಬರೆದಿದ್ದಾರೆ. ಐದು ಪುಟ ಕೋಪ, ನಾಲ್ಕು ಪುಟ ಚೆನ್ನಾಗಿದೆ. ಡೆಲಿವರಿ ಹಂಚುವ ಕ್ಯೂ ಹೇಗೆ ಕೆಲಸ ಮಾಡುತ್ತೆ, 'ತಿಳಿಸಬೇಕು' ಅಂದರೆ ಸಾಲದು, ಯಾವ ಭಾಷೆಯಲ್ಲಿ, ಆ್ಯಪ್‌ನ ಯಾವ ಸ್ಕ್ರೀನ್‌ನಲ್ಲಿ ಅಂತ ಬರೆಯಬೇಕು ಅನ್ನುವ ಒಂದು ಪ್ಯಾರಾ ಇದೆ, ಅದನ್ನ ನಾನು ಎರಡು ಸಲ ಓದಿದೆ. ಕೊನೆಯಲ್ಲಿ ಒಂದು ಸಾಲು: "ಸರ್, ರಾಜೀನಾಮೆ ಇನ್ನೂ ಡ್ರಾಫ್ಟ್ಸ್‌ದಾಗೇ ಅದ. ಈ ಕೋಪದ ಪುಟ ತೆಗೀಲೇನು, ಇರ್ಲೇನು?"

ತೆಗೀರಿ ಅಂತ ಬರೆದಿದ್ದೇನೆ.